ಹುಚ್ಚನ ಪಾರ್ಟಿಗೆ ಜನ ಬೇಕಾಗಿದ್ದಾರೆ

ನಮ್ಮ ಕೋಲಾರದ ಕಡೆ ನಾಟಕದಲ್ಲಿ ಪಾರ್ಟು ಮಾಡುವವನಿಗೆ ಯಾರೂ ದುಡ್ಡು ಕೊಡುವುದಿಲ್ಲ, ಅವನೇ ಕಟ್ಟಬೇಕು. ಊರಲ್ಲಿ ‘ಕುರುಕ್ಷೇತ್ರ’ ಆಡಿಸುವುದೆಂದು ತೀರ್ಮಾನವಾದ ರಾತ್ರಿಯೇ ಹಾರ್ಮೋನಿಯಂ ಮೇಷ್ಟ್ರ ಮುಂದೆ ರೇಟು ನಿಗದಿಯಾಗುತ್ತದೆ. ದುರ್ಯೋಧನನಿಗೆ ಎಲ್ಲರಿಗಿಂತ ಜಾಸ್ತಿ. ಗದೆ ಇದೆ, ಕಿರೀಟ ಇದೆ, ತೊಡೆ ತಟ್ಟುವುದಿದೆ, ಮೇಲೆ ಒನ್ಸ್‌ಮೋರ್ ಬೇರೆ. ಕೃಷ್ಣನಿಗೆ ಅದಕ್ಕಿಂತ ಚೂರು ಕಮ್ಮಿ. ಭೀಮ, ಅರ್ಜುನ, ಕರ್ಣ ಚೌಕಾಸಿಗೆ ಬಿಟ್ಟದ್ದು. ಶಕುನಿಗೂ ಗಿರಾಕಿ ಇದ್ದಾನೆ. ದ್ರೌಪದಿ ಮಾತ್ರ ಹೊರಗಿನಿಂದ ಬರಬೇಕು, ಆಕೆಗೆ ನಾವೇ ಕೊಡಬೇಕು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತಲ್ಲ, ಆ ವರ್ಷ ನಮ್ಮಲ್ಲಿ ದುರ್ಯೋಧನರಿಗೆ ಬರವೇ ಇರಲಿಲ್ಲ. ಅದೇ ಟೊಮೆಟೊವನ್ನು ರಸ್ತೆಗೆ ಸುರಿಯುವ ವರ್ಷಗಳಲ್ಲಿ ಸೈನಿಕನ ಪಾರ್ಟಿಗೂ ಹಿಂದೆಮುಂದೆ ನೋಡುತ್ತಾರೆ.

ಇಂಥ ನಾಟಕದ ಹುಚ್ಚಿನ ಜಿಲ್ಲೆಯಲ್ಲಿ ಒಂದೇ ಒಂದು ಪಾರ್ಟಿಗೆ ಗಿರಾಕಿ ಇಲ್ಲ. ಕಟ್ಟುವುದು ಹಾಗಿರಲಿ, ಎದುರು ಕೊಟ್ಟು ಕರೆದರೂ ಒಪ್ಪುವವರಿಲ್ಲ. ಅದು ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಬರುವ ಬೀದಿನಾಟಕದ ಹುಚ್ಚನ ಪಾರ್ಟು.

ಅಕ್ಟೋಬರೇ ಯಾಕೆ ಅಂದರೆ, ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. 1992ರಿಂದ ಜಗತ್ತು ಆಚರಿಸಿಕೊಂಡು ಬಂದಿದೆ. ನಮ್ಮಲ್ಲಿ ಇನ್ನೊಂದು ಸೀಸನ್ನೂ ಇದೆ: ಮಾರ್ಚ್ ಕಡೆಯ ವಾರ. ಮಾರ್ಚ್ 31ರೊಳಗೆ ಅನುದಾನ ಮುಗಿಸದಿದ್ದರೆ ಅದು ವಾಪಸು ಹೋಗುತ್ತದೆ. ಹಾಗಾಗಿ ಜನರ ಮನಸ್ಸು ಅಕ್ಟೋಬರ್‌ನಲ್ಲಿ ಒಮ್ಮೆ ಕೆಡುತ್ತದೆ, ಮಾರ್ಚ್‌ನಲ್ಲಿ ಒಮ್ಮೆ ಕೆಡುತ್ತದೆ. ಮಧ್ಯದಲ್ಲಿ ಕೆಟ್ಟವರು ಕಾಯಬೇಕು.

ಹೋದ ಅಕ್ಟೋಬರ್‌ನಲ್ಲಿ ಶ್ರೀನಿವಾಸಪುರದ ಕಡೆಯ ಒಂದು ಊರಲ್ಲಿದ್ದೆ. ಮಾವಿನ ಕಾಲ ಮುಗಿದು ತೋಪುಗಳು ಬಣಗುಟ್ಟುತ್ತಿದ್ದವು, ಮಂಡಿಗಳ ಬಾಗಿಲು ಹಾಕಿತ್ತು. ಅರಳಿಕಟ್ಟೆ ಹತ್ತಿರ ತಮಟೆ ಸದ್ದಾಯಿತು. ಎರಡು ಕಂಬಕ್ಕೆ ಬ್ಯಾನರು ಕಟ್ಟಿದ್ದರು: ‘ಮಾನಸಿಕ ಅಸ್ವಸ್ಥತೆಯ ಕುರಿತಾದ ಕಳಂಕ ನಿವಾರಣಾ ಜಾಗೃತಿ ಬೀದಿನಾಟಕ ಕಾರ್ಯಕ್ರಮ’. ಮುಂದೆ ಕೂತಿದ್ದ ಅಜ್ಜಿಯೊಬ್ಬರು ಮೊಮ್ಮಗಳ ಕೈಲಿ ಅದನ್ನು ಓದಿಸಿಕೊಂಡು ತಂಡದ ಮುಖ್ಯಸ್ಥನನ್ನು ಕೇಳಿದರು.

“ಕಳಂಕ ಅಂದ್ರೆ ಕರೆ ಅಲ್ವೇನಪ್ಪಾ? ನೀವು ಸೋಪಿನೋರಾ?”

“ಇಲ್ಲಜ್ಜೀ, ಇದು ಮನಸ್ಸಿಗೆ ಅಂಟ್ಕೊಳ್ಳೋ ಕರೆ.”

“ಅದಕ್ಕೆ ಯಾವ ಸೋಪು?”

“ಅದನ್ನೇ ನಾಟಕದಲ್ಲಿ ಹೇಳ್ತೀವಿ.”

ಹೇಳಿದರು. ಮೂರನೇ ನಿಮಿಷಕ್ಕೆ ಹುಚ್ಚ ಬಂದ. ಹರಿದ ಅಂಗಿ, ತಲೆಗೆ ಹುಲ್ಲು, ಕುತ್ತಿಗೆಗೆ ಒಡೆದ ಮಡಕೆಯ ಕಂಠ. ಹಲ್ಲು ಕಿರಿದ, ಎಲೆ ತಿಂದ, ಮಕ್ಕಳನ್ನು ಅಟ್ಟಿಸಿಕೊಂಡು ಹೋದ. ಮಕ್ಕಳು ಬಿದ್ದು ಬಿದ್ದು ನಕ್ಕವು. ಎಂಟನೇ ನಿಮಿಷಕ್ಕೆ ಬೇವಿನ ಸೊಪ್ಪು ಹಿಡಿದು ಮಂತ್ರವಾದಿ ಬಂದ, ಅವನು ಕಳ್ಳ. ಹದಿನೈದಕ್ಕೆ ಬಿಳಿ ಕೋಟಿನ ಡಾಕ್ಟರು. ಮನಸ್ಸಿನ ಡಾಕ್ಟರಾದರೂ ಕತ್ತಿನಲ್ಲಿ ಸ್ಟೆತಾಸ್ಕೋಪು ಇರಲೇಬೇಕು, ಇಲ್ಲದಿದ್ದರೆ ಜನ ನಂಬುವುದಿಲ್ಲ. ಒಂದು ಗುಳಿಗೆ ಕೊಟ್ಟರು. ಹದಿನೆಂಟನೇ ನಿಮಿಷಕ್ಕೆ ಹುಚ್ಚ ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು, ಎಲ್ಲರ ಜತೆ ಕೈ ಹಿಡಿದು ಹಾಡಿದ. ಇಪ್ಪತ್ತನೇ ನಿಮಿಷಕ್ಕೆ ಫೋಟೊ.

ಫೋಟೊ ಮಾಮೂಲಿನದಲ್ಲ. ಮೊಬೈಲ್ ಆ್ಯಪಿನಲ್ಲಿ ತೆಗೆಯಬೇಕು. ಕೆಳಗೆ ದಿನಾಂಕ, ಗಂಟೆ, ಅಕ್ಷಾಂಶ, ರೇಖಾಂಶ ಮೂಡಬೇಕು. ಇಲ್ಲದಿದ್ದರೆ ಬಿಲ್ಲು ಪಾಸಾಗುವುದಿಲ್ಲ. ಹೀಗಾಗಿ ಕಳಂಕ ಹೋಯಿತೋ ಇಲ್ಲವೋ ದೇವರಿಗೇ ಗೊತ್ತು. ಯಾವ ಜಾಗದಿಂದ ಹೋಯಿತು ಎನ್ನುವುದು ಮಾತ್ರ ದಶಮಾಂಶದ ಆರನೇ ಸ್ಥಾನದವರೆಗೆ ಸರ್ಕಾರದ ದಾಖಲೆಯಲ್ಲಿದೆ.

ಕಲಾವಿದರನ್ನು ಬೈದು ಪ್ರಯೋಜನವಿಲ್ಲ. ಅದೇ ಹುಡುಗ ಜೂನ್‌ನಲ್ಲಿ ಡೆಂಗಿ ಸೊಳ್ಳೆಯಾಗಿದ್ದ, ಚುನಾವಣೆ ಬಂದಾಗ ಮತದಾರನಾಗಿದ್ದ, ಅದಕ್ಕೂ ಮೊದಲು ಬಯಲಿಗೆ ಚೊಂಬು ಹಿಡಿದು ಹೋಗುವವನಾಗಿದ್ದ. ಸ್ಕ್ರಿಪ್ಟು ಒಂದೇ: ತಪ್ಪು ಮಾಡುವ ಹಳ್ಳಿಯವನು, ದಾರಿ ತಪ್ಪಿಸುವ ದುಷ್ಟ, ತಿದ್ದುವ ಅಧಿಕಾರಿ, ಕೊನೆಗೆ ಹಾಡು. ಇಲಾಖೆ ಬದಲಾದಂತೆ ನಡುವೆ ಒಂದು ಪದ ಬದಲಾಗುತ್ತದೆ. ಈ ಸಲ ಆ ಪದದ ಜಾಗಕ್ಕೆ ಮನುಷ್ಯ ಬಂದಿದ್ದ, ಅಷ್ಟೆ. ಸೊಳ್ಳೆಯನ್ನು ನೋಡಿ ನಕ್ಕರೆ ಸೊಳ್ಳೆಗೆ ಬೇಜಾರಿಲ್ಲ.

ಮಾರನೇ ಬೆಳಗ್ಗೆ ಅದೇ ಮಕ್ಕಳು ಊರಿನ ಒಬ್ಬಾತನ ಹಿಂದೆ ಬಿದ್ದು, ನಾಟಕದ ಡೈಲಾಗನ್ನೇ ಹೇಳುತ್ತಾ ಹೋದವು. ಅದುವರೆಗೆ ಅವುಗಳ ಹತ್ತಿರ ‘ಪಿಚ್ಚೋಡು’ ಎಂಬ ಒಂದು ತೆಲುಗು ಪದ ಮಾತ್ರ ಇತ್ತು. ಕಳಂಕ ನಿವಾರಣಾ ಕಾರ್ಯಕ್ರಮ ಹೊಸ ಸ್ಟಾಕು ತಂದುಕೊಟ್ಟಿತ್ತು.

ಆ ಒಬ್ಬಾತ ಹಿಂದಿನ ಸಂಜೆ ನಾಟಕಕ್ಕೂ ಬಂದಿದ್ದ. ಹೆಸರು ಬೇಡ. ಒಂದು ಕಾಲಕ್ಕೆ ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವ. ಬಾದಾಮಿ, ರಸಪುರಿ, ತೋತಾಪುರಿ ಎಂದು ಮೂರು ಕಾಲಂ ಎಳೆದರೆ ಗೆರೆ ಅಲುಗುತ್ತಿರಲಿಲ್ಲವಂತೆ. ಹಾಡು ಮುಗಿದ ಮೇಲೆ ಮೆಲ್ಲಗೆ ಎದ್ದು ಬಂದು, ಹುಚ್ಚನ ಪಾರ್ಟು ಮಾಡಿದ ಹುಡುಗನ ಎದುರು ನಿಂತ.

“ಪಾರ್ಟು ಸರಿ ಬರ್ಲಿಲ್ಲಪ್ಪಾ.”

“ಯಾಕಣ್ಣಾ?”

“ಗುಳಿಗೆ ತಗೊಂಡ್ಮೇಲೆ ಕೈ ನಡುಗಬೇಕು. ನಿನ್ನ ಕೈ ನಡುಗ್ಲೇ ಇಲ್ಲ. ಬಾಯಿ ಒಣಗುತ್ತೆ, ಹಾಡು ಎಲ್ಲಿಂದ ಬರುತ್ತೆ? ಆಮೇಲೆ ಶುರುವಿಗೆ ಅಷ್ಟೊಂದು ಕುಣಿದ್ಯಲ್ಲ, ನಾನು ಕುಣೀಲಿಲ್ಲ. ಆರು ತಿಂಗಳು ಗೋಡೆ ನೋಡ್ಕೊಂಡು ಕೂತಿದ್ದೆ. ಅದನ್ನ ಆಡು.”

“ಅದನ್ನ ಆಡಿದ್ರೆ ಯಾರು ನೋಡ್ತಾರಣ್ಣಾ?”

“ಅದೇ. ಆಗ್ಲೂ ಯಾರೂ ನೋಡ್ಲಿಲ್ಲ.”

ಇಷ್ಟು ಒಳ್ಳೆಯ ವಿಮರ್ಶೆ ನಮ್ಮ ಜಿಲ್ಲೆಯ ಯಾವ ನಾಟಕಕ್ಕೂ ಬಂದದ್ದು ನಾನು ಕಂಡಿಲ್ಲ. ಅಷ್ಟರಲ್ಲಿ ಫೈಲು ಹಿಡಿದಿದ್ದವರೊಬ್ಬರು, “ಯಾರ್ರೀ ಇವನು, ಆ ಕಡೆ ಕಳಿಸ್ರೀ, ಗೆಸ್ಟು ಹೊರಡ್ತಿದ್ದಾರೆ” ಎಂದರು. ಅವರ ಎದೆಯ ಮೇಲೆ ‘ಮನಸ್ಸಿಗೆ ಕಿವಿಗೊಡೋಣ’ ಎಂಬ ಬ್ಯಾಡ್ಜ್ ಇತ್ತು.

ಮಾತಿನ ವಿಚಾರಕ್ಕೆ ಬರೋಣ. ಕನ್ನಡದಲ್ಲಿ ಹುಚ್ಚು ಎಂಬುದು ಅಂಥ ಕೆಟ್ಟ ಪದವೇನೂ ಅಲ್ಲ. ಕ್ರಿಕೆಟ್ ಹುಚ್ಚು ಇದ್ದವನನ್ನು ಮೆಚ್ಚುತ್ತೇವೆ, ಓದಿನ ಹುಚ್ಚು ಇದ್ದವನಿಗೆ ಸನ್ಮಾನ ಮಾಡುತ್ತೇವೆ, ರಾಗಿ ಮುದ್ದೆಯ ಪಕ್ಕಕ್ಕೆ ಹುಚ್ಚೆಳ್ಳು ಚಟ್ನಿ ಬಡಿಸುತ್ತೇವೆ. ಯಾವುದರ ಹುಚ್ಚೂ ಅಲ್ಲದ ಬರಿಯ ಹುಚ್ಚು ಬಂದಾಗ ಮಾತ್ರ ಬಾಗಿಲು ಹಾಕಿಕೊಳ್ಳುತ್ತೇವೆ. ಮೈಸೂರು ಸಂಸ್ಥಾನದ ಸರ್ಕಾರ ಬೆಂಗಳೂರಿನ ‘ಅಸೈಲಂ’ಗೆ ‘ಮೆಂಟಲ್ ಹಾಸ್ಪಿಟಲ್’ ಎಂದು ಹೆಸರಿಟ್ಟದ್ದು 1925ರಲ್ಲಿ. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ನೂರು ವರ್ಷದಿಂದ ಸರ್ಕಾರ ಬೋರ್ಡು ಬದಲಾಯಿಸುತ್ತಲೇ ಇದೆ. ಕೋಲಾರದಿಂದ ಬಸ್ಸು ಹತ್ತುವವರ ಬಾಯಲ್ಲಿ ಮಾತ್ರ ಇನ್ನೂ ಹುಚ್ಚಾಸ್ಪತ್ರೆಯೇ. ಈಗ ‘ನಿಮ್ಹಾನ್ಸ್’ ಎಂಬುದೇ ಬೈಗುಳವಾಗಿರುವುದರಿಂದ ಮುಂದೆ ಯಾವ ಹೆಸರಿಟ್ಟರೂ ಅದನ್ನು ಬೈಗುಳ ಮಾಡಿಕೊಳ್ಳುವ ಶಕ್ತಿ ನಮಗಿದೆ ಎಂದು ಸಾಬೀತಾಗಿದೆ.

ಹಾಗೆ ಹೋಗುವವರೂ ಹುಚ್ಚಾಸ್ಪತ್ರೆಗೆ ಹೋಗುವುದಿಲ್ಲ, ‘ನರದ ಡಾಕ್ಟ್ರ’ ಹತ್ತಿರ ಹೋಗುತ್ತಾರೆ. ಮಾಲೂರಿನ ಹೆಂಚಿನ ಕಾರ್ಖಾನೆಯವನಿಗೂ ನರದ ತೊಂದರೆ, ನರಸಾಪುರದ ಕಂಪನಿ ಬಸ್ಸು ಹತ್ತುವ ಹುಡುಗಿಗೂ ನರದ ತೊಂದರೆ, ಮುಳಬಾಗಿಲಿನ ದೋಸೆ ಅಂಗಡಿಯವನಿಗೂ ನರದ ತೊಂದರೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಂತೆ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ಈ ವಾರ ಆರಿಸಿದವರಿಗೆ ಕೈ ಮುಗಿಯಬೇಕು. ಮಂಗಳವಾರ ಅಮ್ಮನ ವಾರ; ಯಾರಾದರೂ ಕೇಳಿದರೆ ‘ಕೋಲಾರಮ್ಮನ ದರ್ಶನಕ್ಕೆ’ ಎಂದರಾಯಿತು. ಆ ಗುಡಿಯಲ್ಲೇ ಚೇಳಮ್ಮನೂ ಇದ್ದಾಳೆ. ಚೇಳಿನ ಭಯಕ್ಕೆ ಅವಳಿಗೆ ಹರಕೆ ಹೊರುತ್ತಾರೆ. ಚೇಳು ಕಚ್ಚಿಸಿಕೊಂಡವನನ್ನು ನೋಡಿ, ಇವರ ವಂಶದಲ್ಲಿ ಹಿಂದೆ ಯಾರಿಗಾದರೂ ಚೇಳು ಕಚ್ಚಿತ್ತಾ ಎಂದು ವಿಚಾರಿಸಿ ಹೆಣ್ಣು ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ.

ಹೆಣ್ಣು ಕೊಡುವ ಮಾತು ಬಂದಾಗ ನಮ್ಮ ಅಸಲಿ ಆರೋಗ್ಯ ನೀತಿಯನ್ನು ಹೇಳಲೇಬೇಕು: ಹುಚ್ಚು ಬಿಡೋತನಕ ಮದುವೆ ಆಗಲ್ಲ, ಮದುವೆ ಆಗೋತನಕ ಹುಚ್ಚು ಬಿಡಲ್ಲ. ಗಾದೆ ಕಟ್ಟಿದವರು ತಮಾಷೆಗೆ ಕಟ್ಟಿದ್ದರು; ನಾವು ಅದನ್ನು ಔಷಧ ಚೀಟಿ ಮಾಡಿಕೊಂಡೆವು. ಗಂಡಿಗೆ ಕಾಯಿಲೆ ಅಂತ ಗೊತ್ತಾದ ತಕ್ಷಣ ಮೊದಲು ಹುಡುಕುವುದು ಹೆಣ್ಣನ್ನು, ಆಮೇಲೆ ಡಾಕ್ಟರನ್ನು. ಹೆಣ್ಣಿಗೆ ಕಾಯಿಲೆ ಅಂತ ಗೊತ್ತಾದರೆ ತವರಿಗೆ ಕಳಿಸುವ ಬಸ್ಸನ್ನು. ತ್ರಿವೇಣಿಯವರು ‘ಶರಪಂಜರ’ ಕಾದಂಬರಿಯಲ್ಲಿ ಬರೆದದ್ದು ಇದನ್ನೇ: ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಲ್ಲಿ ವಾಸಿಯಾಗಿ ಬರುತ್ತಾಳೆ, ಮನೆಯವರಿಗೆ ಮಾತ್ರ ವಾಸಿಯಾಗುವುದಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಕಲ್ಪನಾರನ್ನು ಕಾವೇರಿಯಾಗಿಸಿ ಅದನ್ನು ಸಿನಿಮಾ ಮಾಡಿದರು. ಕೋಲಾರದ ಹೆಂಗಸರೂ ಸೆರಗು ಒದ್ದೆ ಮಾಡಿಕೊಂಡು ನೋಡಿದರು. ಅತ್ತದ್ದರಿಂದ ಏನು ಕಲಿತೆವು? ಮನೆಯಲ್ಲಿ ಯಾರಾದರೂ ಸ್ವಲ್ಪ ದನಿ ಎತ್ತರಿಸಿದರೆ, “ಶರಪಂಜರದ ಕಲ್ಪನಾ ಥರ ಆಡ್ಬೇಡ” ಎನ್ನುವುದನ್ನು. ಕಳಂಕ ತೊಳೆಯಲು ಬಂದ ಕಥೆಯನ್ನೂ ನಾವು ಅದೇ ಕರೆಯಲ್ಲಿ ಅದ್ದಿ ತೆಗೆದೆವು.

ನಮ್ಮ ಜಿಲ್ಲೆಗೆ ಇನ್ನೊಂದು ಗೌರವ ಸಂದಿದೆ, ಯಾರೂ ಹೇಳಿಕೊಳ್ಳುವುದಿಲ್ಲ. ನಿಮ್ಹಾನ್ಸ್ 2015–16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತಲ್ಲ, ಅದರ ಪ್ರಾಯೋಗಿಕ ಅಧ್ಯಯನ ನಡೆದದ್ದು ಕೋಲಾರದಲ್ಲಿ. ನಾಟಕದ ಭಾಷೆಯಲ್ಲಿ ಹೇಳುವುದಾದರೆ ತಾಲೀಮು ನಮ್ಮಲ್ಲಿ, ಷೋ ಬೇರೆ ಕಡೆ. ಸಮೀಕ್ಷೆಗೆ ಆಯ್ದ 12 ರಾಜ್ಯಗಳಲ್ಲಿ ಕರ್ನಾಟಕ ಇರಲೇ ಇಲ್ಲ. ಷೋದಲ್ಲಿ ಗೊತ್ತಾದದ್ದು: ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲ. ಅರಳಿಕಟ್ಟೆಯ ಮುಂದೆ ನೂರು ಜನ ಕೂತಿದ್ದರೆ ಅವರಲ್ಲಿ ಹತ್ತು ಜನಕ್ಕಾದರೂ ಈ ಪಾರ್ಟು ಬಾಯಿಪಾಠ. ನಾವು ಮಾತ್ರ ಹನ್ನೊಂದನೆಯವನನ್ನು ಬಾಡಿಗೆಗೆ ಕರೆಸಿ ತಲೆಗೆ ಹುಲ್ಲು ಕಟ್ಟಿದೆವು.

ಇನ್ನು ಆ ಗುಳಿಗೆ. ನಾಟಕದಲ್ಲಿ ಒಂದೇ ಗುಳಿಗೆಗೆ ಎಲ್ಲ ಮುಗಿಯಿತು. ಮಂಡಿಯ ಲೆಕ್ಕದವನು ಆವತ್ತು ಕೇಳಿದ ಇನ್ನೊಂದು ಪ್ರಶ್ನೆ: “ಈ ತಿಂಗಳು ಇಲ್ಲ, ಮುಂದಿನ ತಿಂಗಳು ಬನ್ನಿ ಅಂದವ್ರೆ. ಮುಂದಿನ ತಿಂಗ್ಳಾದ್ರೂ ಬರುತ್ತಾ?” 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆ ಎಲ್ಲ ಕಾಲಕ್ಕೂ ಪುಕ್ಕಟೆ ಸಿಗಬೇಕು. ಕಾನೂನಿನ ಪುಸ್ತಕದಲ್ಲಿ ಸಿಗುತ್ತಿದೆ. ‘ಮಾತ್ರೆ ಖಾಲಿ’ ಎಂಬ ಹೆಸರಲ್ಲಿ ಒಂದು ಬೀದಿನಾಟಕ ಮಾಡಬಹುದು; ತಪ್ಪು ಮಾಡುವ ಹಳ್ಳಿಯವನ ಪಾರ್ಟು ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಬಂದು ಸ್ಕ್ರಿಪ್ಟು ಅಲ್ಲೇ ನಿಲ್ಲುತ್ತದೆ. ಆ ನಾಟಕದಲ್ಲಿ ಹಳ್ಳಿಯವನು ತಪ್ಪೇ ಮಾಡಿಲ್ಲವಲ್ಲ.

ಹಾಗಾದರೆ ನಾಟಕ ಬೇಡವೇ? ಬೇಕು. ನಾಟಕ ಅಂದರೆ ಏನೆಂದು ಗೊತ್ತಿಲ್ಲದ ಊರೇ ಇದು? ಕೇಳಿಕೆ ಎಂಬ ಬಯಲಾಟ ಕುಣಿದ ನೆಲ. ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆಯ ಬೆಳಕಲ್ಲಿ ಆಡಿದ ನಾಟಕಗಳಿಗೆ ಜನ ಬೆಟ್ಟ ಹತ್ತಿ ಹೋದರು. ಅಕ್ಷಾಂಶ ರೇಖಾಂಶ ಕೇಳಿಕೊಂಡು ಹೋಗಲಿಲ್ಲ. ಬ್ರೆಜಿಲ್‌ನಲ್ಲಿ ಅಗಸ್ಟೊ ಬೋಲ್ ಎಂಬಾತ ಇನ್ನೊಂದು ದಾರಿ ತೋರಿಸಿದ್ದ. ಒಂದು ಸಂಕಟವನ್ನು ಅದರ ಕೆಟ್ಟ ಕೊನೆಯವರೆಗೂ ಆಡುವುದು, ಪರಿಹಾರ ಹೇಳದೆ ನಿಲ್ಲಿಸುವುದು. ಮತ್ತೆ ಮೊದಲಿಂದ ಶುರು. ಈ ಸಲ ನೋಡುಗರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಕೂಗಿ, ಎದ್ದು ಬಂದು, ಆ ಪಾರ್ಟನ್ನು ತಾವೇ ಆಡಿ ತೋರಿಸಬಹುದು. ಬೋಲ್ 1993ರಿಂದ 1996ರವರೆಗೆ ರಿಯೊ ಡಿ ಜನೈರೊ ನಗರಸಭೆಯ ಸದಸ್ಯನೂ ಆಗಿದ್ದ. ಜನ ವೇದಿಕೆ ಮೇಲೆ ಆಡಿ ತೋರಿಸಿದ್ದನ್ನು ಕಾನೂನು ಮಾಡಿಸಿದ. ನಮ್ಮಲ್ಲಿ ನೋಡುಗ ವೇದಿಕೆ ಹತ್ತುವುದು ದುರ್ಯೋಧನನಿಗೆ ಹಾರ ಹಾಕುವುದಕ್ಕೆ. ಬೀದಿನಾಟಕದಲ್ಲಾದರೆ ‘ಆ ಕಡೆ ಕಳಿಸ್ರೀ’.

2022ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗವೊಂದು ಜಗತ್ತಿನ ಅಧ್ಯಯನಗಳನ್ನೆಲ್ಲ ಜಾಲಿಸಿ ಒಂದು ಮಾತು ಹೇಳಿತು: ಈ ಕಳಂಕ ಕಮ್ಮಿಯಾಗಲು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಕಾಯಿಲೆ ಅನುಭವಿಸಿದವರ ಜತೆಗಿನ ಒಡನಾಟ. ಅಂದರೆ ಅಜ್ಜಿ ಕೇಳಿದ ಸೋಪು ಬ್ಯಾನರಿನಲ್ಲಿರಲಿಲ್ಲ, ಅರಳಿಕಟ್ಟೆಯ ಆಚೆ ತುದಿಯಲ್ಲಿ ಒಂಟಿಯಾಗಿ ಕೂತಿತ್ತು.

ಭಾಷೆಗೂ ಹೊರಗೆ ಹೋಗಬೇಕಿಲ್ಲ. ಬ್ಯಾನರು ಭಾಷೆಯ ‘ಖಿನ್ನತೆ’ ಜಿಲ್ಲೆಯ ಆರೂ ತಾಲ್ಲೂಕಿನಲ್ಲಿ ಯಾರ ಮನೆಗೂ ಬಂದಿಲ್ಲ. ಬಂದಿರುವುದು ‘ಮಂಕು’. ‘ಹುಡುಗ ಯಾಕೋ ಮಂಕಾಗವ್ನೆ’ ಎಂದರೆ ಕಲ್ಲಿಗೂ ಅರ್ಥವಾಗುತ್ತದೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ತಮ್ಮ ವಿವೇಕವನ್ನೆಲ್ಲ ಇಟ್ಟದ್ದು ಮಂಕುತಿಮ್ಮನ ಬಾಯಲ್ಲಿ. 1943ರಲ್ಲಿ ಬಂದ ಆ ಕಗ್ಗವನ್ನು ಇವತ್ತಿಗೂ ಭಾಷಣಕ್ಕೆ ನಿಂತವರೆಲ್ಲ ಉದುರಿಸುತ್ತಾರೆ. ಪುಸ್ತಕದೊಳಗಿನ ಮಂಕನ ಮಾತಿಗೆ ಚಪ್ಪಾಳೆ, ಮನೆಯೊಳಗಿನ ಮಂಕನಿಗೆ ಹಿಂದಿನ ಕೋಣೆ.

‘ಕುರುಕ್ಷೇತ್ರ’ವನ್ನೇ ನೋಡಿ. ಸರಿರಾತ್ರಿ ಕಳೆದ ಮೇಲೆ ಅರ್ಜುನ ಎರಡು ಸೇನೆಗಳ ನಡುವೆ ನಿಂತು ಕುಸಿಯುತ್ತಾನೆ. ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಗಾಂಡೀವ ಕೈ ಜಾರುತ್ತದೆ. ದುಡ್ಡು ಕಟ್ಟಿ ಪಾರ್ಟು ಕೊಂಡವನು ಬಿಡುತ್ತಾನೆಯೇ, ಚೆನ್ನಾಗಿಯೇ ನಡುಗುತ್ತಾನೆ. ಜನ ಒನ್ಸ್‌ಮೋರ್ ಎನ್ನುತ್ತಾರೆ. ಕೃಷ್ಣನೂ ಮೊದಲು ನಮ್ಮ ನಿಮ್ಮ ಹಾಗೇ, ಇದೇನು ಹೇಡಿತನ, ಏಳು ಎಂದು ಗದರಿಸಿದ. ಗದರಿಕೆ ಕೆಲಸಕ್ಕೆ ಬರಲಿಲ್ಲ. ಹದಿನೆಂಟನೇ ಅಧ್ಯಾಯದವರೆಗೂ ಪಕ್ಕದಲ್ಲಿ ನಿಂತು ಮಾತಾಡಬೇಕಾಯಿತು, ಅದೂ ಯುದ್ಧ ನಿಲ್ಲಿಸಿಕೊಂಡು. ನಾವು ಗದರಿಸುವ ತನಕ ಗೀತೆಯನ್ನು ಪಾಲಿಸುತ್ತೇವೆ, ಮುಂದಿನ ಅಧ್ಯಾಯಗಳಿಗೆ ಪುರುಸೊತ್ತಿಲ್ಲ. ಬೆಳಗಾದ ಮೇಲೆ ಅದೇ ಅರ್ಜುನನ ಕೈ ಹೊಲದಲ್ಲಿ ನಡುಗಿದರೆ ಒನ್ಸ್‌ಮೋರ್ ಅನ್ನುವವರು ಯಾರೂ ಇಲ್ಲ.

ಇಷ್ಟೆಲ್ಲ ಹೇಳುವ ನಾನು ಎಂಥವನು? ನಾಲ್ಕು ವರ್ಷದಿಂದ ರಾತ್ರಿ ಊಟವಾದ ಮೇಲೆ ಒಂದು ಮಾತ್ರೆ ನುಂಗುತ್ತೇನೆ. ಆವತ್ತು ಊರಿಂದ ವಾಪಸು ಬರುವಾಗ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ನೆಂಟರೊಬ್ಬರು ಸಿಕ್ಕಿ, ಕೈಲಿದ್ದ ಔಷಧದ ಕವರು ನೋಡಿ “ಏನಣ್ಣಾ, ಹುಷಾರಿಲ್ವಾ?” ಎಂದರು. “ಏನಿಲ್ಲಪ್ಪಾ, ಕತ್ತು ನೋವು. ನರದ ಡಾಕ್ಟ್ರು ಕೊಟ್ಟವ್ರೆ” ಎಂದೆ. ಕಳಂಕದ ಮೇಲೆ ಪುಟಗಟ್ಟಲೆ ಬರೆಯಬಲ್ಲವನ ಬಾಯಿಗೆ ಒಂದು ಸಣ್ಣ ನಿಜ ಬರಲಿಲ್ಲ. ನೋಡಿ, ನನ್ನ ಪಾರ್ಟು ಚೆನ್ನಾಗಿದೆ; ನೆಂಟರು ನಂಬಿಬಿಟ್ಟರು.

ಆ ಸಂಜೆಯ ಕಡೆಯ ಮಾತು ಬಾಕಿ ಇದೆ. ಗೆಸ್ಟುಗಳ ಕಾರು ಹೋದ ಮೇಲೆ ತಂಡದವರು ತಮಟೆ ಕಟ್ಟುತ್ತಿದ್ದರು. ಮಂಡಿಯ ಲೆಕ್ಕದವನು ಮತ್ತೆ ಬಂದ.

“ಮುಂದಿನ ವರ್ಷ ಈ ಪಾರ್ಟು ನಾನು ಮಾಡ್ತೀನಿ. ಎಷ್ಟು ಕಟ್ಟಬೇಕು?”

ಮುಖ್ಯಸ್ಥ ತಬ್ಬಿಬ್ಬಾದ. ಅವನ ನಮೂನೆಯಲ್ಲಿ ಕಲಾವಿದರಿಗೆ ಕೊಡುವ ಕಾಲಂ ಇತ್ತು, ಕಲಾವಿದರಿಂದ ತೆಗೆದುಕೊಳ್ಳುವ ಕಾಲಂ ಇರಲಿಲ್ಲ. “ದುಡ್ಡೇನೂ ಬೇಡಣ್ಣಾ” ಎಂದ. ಆತ ನಂಬಲಿಲ್ಲ. ನಮ್ಮ ಕಡೆ ಪುಕ್ಕಟೆ ಪಾರ್ಟು ಯಾರಿಗೆ ಸಿಕ್ಕಿದೆ? ಜೇಬಿಗೆ ಕೈ ಹಾಕಿದ. ಮಡಚಿದ ಆಸ್ಪತ್ರೆ ಚೀಟಿಯ ಜತೆ ನೂರರ ಒಂದು ನೋಟು ಬಂತು. ನಡುಗುವ ಕೈಯಲ್ಲೇ ಅದನ್ನು ಮುಂದೆ ಹಿಡಿದ.

“ಅಡ್ವಾನ್ಸ್ ಇಟ್ಕೊಳ್ಳಿ. ಬೇರೆ ಯಾರಿಗೂ ಕೊಡ್ಬೇಡಿ.”